ಕಾಪುವಿನ ಮೆಟ್ಟಿಲುಗಳು ಮಸುಕಾಗಿ ಬಂದ ಮೂರು ವಾರ

ತೀರಿಕೊಂಡ ಸೋದರಮಾವನ ಗಾಜಿನ ನೆಗೆಟಿವ್‌ಗಳ ಪೆಟ್ಟಿಗೆಯಲ್ಲಿ ಕಾಪುವಿನದ್ದು ಒಂದೇ ಒಂದಿತ್ತು. ದೀಪಸ್ತಂಭದ ಕೆಳಗಿನ ಬಂಡೆಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಉತ್ತರಕ್ಕೆ ಮುಖಮಾಡಿ ತೆಗೆದದ್ದು. ಒಂದಿಷ್ಟು ದೂರದಲ್ಲಿ ಕಪ್ಪು ಬಂಡೆಗಳು, ಅವುಗಳಾಚೆ ಉದ್ದಕ್ಕೆ ಮರಳು, ಸುಮಾರು ನಾನೂರು ಮೀಟರ್ ಆಚೆ ಬಿಳಿ ಗೋಡೆಯ ಒಂದು ಭಜನಾ ಮಂದಿರ. ಲಕೋಟೆಯ ಮೇಲೆ ಮಾವನ ಅಕ್ಷರದಲ್ಲಿ ‘ಕಾಪು, ಮಾರ್ಚ್, ಬೆಳಿಗ್ಗೆ, ದೊಡ್ಡ ಲೆನ್ಸ್’ ಎಂದಿತ್ತು. ವರ್ಷ ಬರೆದಿರಲಿಲ್ಲ. ನಾನು ಹುಟ್ಟುವುದಕ್ಕಿಂತ ಮುಂಚಿನದು ಎಂಬುದಷ್ಟೇ ಗೊತ್ತು. ಭೂತಗನ್ನಡಿ ಹಿಡಿದು ನೋಡಿದರೆ ಮಂದಿರಕ್ಕೆ ಮೂರು ಮೆಟ್ಟಿಲು ಎಣಿಸಬಹುದಿತ್ತು. ಮೂರನೆಯದರ ಕೆಳಗೆ ಮರಳು.

ಈಗ ಅದೇ ಮಂದಿರಕ್ಕೆ ಏಳು ಮೆಟ್ಟಿಲು. ಯಾರೂ ಹೊಸದಾಗಿ ಕಟ್ಟಿದ್ದಲ್ಲ. ಮರಳು ಕೆಳಗಿಳಿದು, ಹೂತುಹೋಗಿದ್ದ ಮೆಟ್ಟಿಲುಗಳು ಒಂದೊಂದಾಗಿ ಹೊರಬಂದಿವೆ.

ಇದನ್ನು ಮೊದಲು ಗಮನಿಸಿದವರು ಮಣಿಪಾಲದ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುವ ಅಧ್ಯಾಪಕಿ. ಯಾವುದೋ ಹಳೆಯ ಫೋಟೋದ ಪ್ರತಿ ಮಾಡಿಸಲು ಉಡುಪಿಯ ನನ್ನ ಸ್ಟುಡಿಯೋಕ್ಕೆ ಬಂದವರು, ಮೇಜಿನ ಮೇಲಿದ್ದ ಆ ಗಾಜನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮಂದಿರದ ಸುತ್ತಲಿನ ಮೀನುಗಾರ ಕುಟುಂಬಗಳು ಕಡಲ್ಕೊರೆತಕ್ಕೆ ತಡೆಗೋಡೆ ಕೇಳಿ ಅರ್ಜಿ ಹಾಕಿದ್ದವು. ಅವರ ಪರವಾಗಿ ವರದಿ ಬರೆಯುತ್ತಿದ್ದವರು ಈ ಮೇಡಂ. ಮಳೆಗಾಲದಲ್ಲಿ ಹೋದ ಮರಳು ಮತ್ತೆ ಬರುತ್ತದೆ, ಶಾಶ್ವತವಾಗಿ ಏನೂ ಬದಲಾಗಿಲ್ಲ ಎಂಬುದು ಅರ್ಜಿ ಹೋದ ಇಂಜಿನಿಯರರ ಕಚೇರಿಯ ಉತ್ತರವಾಗಿತ್ತು.

“ಈ ಗಾಜನ್ನು ಹಾಗೆಯೇ ಕೊಟ್ಟರೆ, ಇದು ಆ ಮಂದಿರವೇ ಅಂತ ಏನು ಗ್ಯಾರಂಟಿ ಅಂತ ಕೇಳ್ತಾರೆ. ಕೇಳಿಯೇ ಕೇಳ್ತಾರೆ,” ಎಂದರು ಮೇಡಂ. “ಅದಕ್ಕೆ ನಮಗೆ ಅದೇ ಬಂಡೆ ಬೇಕು, ಅದೇ ಕ್ಯಾಮೆರಾ, ಅದೇ ಲೆನ್ಸ್, ಅದೇ ತಿಂಗಳು. ಹಳೆಯದರ ಮೇಲೆ ಹೊಸದನ್ನು ಇಟ್ಟರೆ ಬಂಡೆಗಳು ಒಂದಕ್ಕೊಂದು ಕೂಡಬೇಕು. ಆಮೇಲೆ ಮೆಟ್ಟಿಲು ಎಣಿಸಿ ಅಂತ ಧೈರ್ಯದಿಂದ ಹೇಳಬಹುದು.”

ಅರ್ಜಿಯ ಬಗ್ಗೆ ಕಚೇರಿಯ ಸಭೆ ಮಾರ್ಚ್ ಕೊನೆಗೆ ಇತ್ತು. ಫೆಬ್ರವರಿ ಅರ್ಧ ಮುಗಿದಿತ್ತು.

ಮಾವನ ಕ್ಯಾಮೆರಾ ತೇಗದ ಮರದ್ದು. ಮುಂದೆ ಲೆನ್ಸು, ಹಿಂದೆ ಮಬ್ಬು ಗಾಜು, ನಡುವೆ ಹಾರ್ಮೋನಿಯಂ ತಿದಿಯಂತೆ ಹಿಗ್ಗಿ ಕುಗ್ಗುವ ಚರ್ಮ. ತಲೆಯ ಮೇಲೆ ಕರಿಬಟ್ಟೆ ಹೊದ್ದು, ಮಬ್ಬು ಗಾಜಿನ ಮೇಲೆ ತಲೆಕೆಳಗಾಗಿ ಬೀಳುವ ಬಿಂಬವನ್ನು ನೋಡುತ್ತ ಲೆನ್ಸನ್ನು ಹಿಂದೆ ಮುಂದೆ ಸರಿಸಿ ಫೋಕಸ್ ಮಾಡಬೇಕು. ಆಮೇಲೆ ಮಬ್ಬು ಗಾಜಿನ ಜಾಗಕ್ಕೆ ಫಿಲ್ಮ್ ಹೋಲ್ಡರ್ ತೂರಿಸಿ ಚಿತ್ರ ತೆಗೆಯುವುದು. ಗಾಜು ಎಲ್ಲಿತ್ತೋ ಕೂದಲೆಳೆ ಬಿಡದೆ ಅಲ್ಲಿಯೇ ಫಿಲ್ಮ್ ಬಂದು ಕೂರುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ಯಂತ್ರ ನಿಂತಿದೆ.

‘ದೊಡ್ಡ ಲೆನ್ಸ್’ ಹಿತ್ತಾಳೆಯದು. ಅದರೊಳಗೆ ಬೂಸ್ಟು ಬಂದು, ಜೇಡರ ಬಲೆಯಂಥ ಎಳೆಗಳು ಹರಡಿದ್ದವು. ಮಾವನ ಎಲ್ಲ ಲೆನ್ಸುಗಳೂ ಕಾರ್ಕಳದ ಒಬ್ಬರ ಹತ್ತಿರವೇ ರಿಪೇರಿಗೆ ಹೋಗುತ್ತಿದ್ದವು. ಅವರಿಗೆ ಈಗ ಎಪ್ಪತ್ತು ದಾಟಿದೆ. ಕ್ಯಾಮೆರಾ ತರುವವರು ಕಡಿಮೆಯಾದ ಮೇಲೆ ಸೂಕ್ಷ್ಮದರ್ಶಕ, ಸರ್ವೆಯ ದುರ್ಬೀನು ಇಂಥವನ್ನು ಸರಿಮಾಡಿಕೊಂಡು ಇದ್ದಾರೆ. ನಾನು ಲಂಗ ಹಾಕುವ ವಯಸ್ಸಿನಲ್ಲಿ ಮಾವನ ಜೊತೆ ಹೋಗುತ್ತಿದ್ದುದರಿಂದ ಅವರು ನನಗೆ ಅಂಕಲ್, ನಾನು ಅವರಿಗೆ ‘ನೀನು’.

“ಓ, ಇದು ಇನ್ನೂ ಉಂಟಾ?” ಎಂದು ಲೆನ್ಸನ್ನು ಕೈಗೆ ತೆಗೆದುಕೊಂಡರು. “ನಿನ್ನ ಮಾವ ಇದನ್ನು ನನಗೆ ಒರೆಸಲಿಕ್ಕೆ ಕೊಡ್ತಿದ್ದರು, ಇಟ್ಟುಕೊಳ್ಳಲಿಕ್ಕೆ ಮಾತ್ರ ಕೊಡಲಿಲ್ಲ ನೋಡು. ಮಾರುವ ಯೋಚನೆ ಉಂಟಾ?”

“ಇಲ್ಲ ಅಂಕಲ್.”

“ಕೇಳಿದ್ದು ಅಷ್ಟೇ ಮಾರಾಯ್ತಿ. ವಾರ ಬಿಟ್ಟು ಬಾ.”

ಬಿಚ್ಚುವಾಗ ನಾನೂ ನೋಡಬಹುದೇ ಎಂದು ಕೇಳಿದೆ. ಕೆಲಸ ಮಾಡುವಾಗ ಯಾರೂ ಪಕ್ಕದಲ್ಲಿ ಉಸಿರಾಡಬಾರದು, ಧೂಳು ಕೂರುತ್ತದೆ ಎಂದರು. ವಾರದ ಬದಲು ಹತ್ತು ದಿನ ಹಿಡಿಯಿತು. ಲೆನ್ಸು ವಾಪಸ್ ಬಂದಾಗ ಕೆರೆಯ ನೀರಿನಂತೆ ತಿಳಿಯಾಗಿತ್ತು.

ಆ ಹತ್ತು ದಿನಗಳಲ್ಲಿ ನಾನು ಕ್ಯಾಮೆರಾದ ಬಿರುಕುಬಿಟ್ಟ ಮಬ್ಬು ಗಾಜನ್ನು ಬದಲಾಯಿಸಿದೆ. ಆದಿ ಉಡುಪಿಯ ಗಾಜಿನ ಅಂಗಡಿಯಲ್ಲಿ ಎರಡು ಮಿಲಿಮೀಟರಿನ ತುಂಡು ಕೊಯ್ಯಿಸಿಕೊಂಡು ಬಂದು, ಗ್ಯಾರೇಜಿನವರು ವಾಲ್ವ್ ಉಜ್ಜುವ ಪೇಸ್ಟನ್ನು ಹಚ್ಚಿ, ಇನ್ನೊಂದು ಗಾಜಿನ ಚೂರಿನಿಂದ ಎರಡು ಮಧ್ಯಾಹ್ನ ಸುತ್ತಸುತ್ತ ಉಜ್ಜಿದೆ. ಒಂದು ಮಗ್ಗುಲು ಹಾಲಿನಂತೆ ಮಬ್ಬಾಯಿತು. ಹಳೆಯ ಚಿತ್ರದಲ್ಲಿ ಬಂಡೆಗಳು, ದಿಗಂತ, ಮಂದಿರ ಎಲ್ಲೆಲ್ಲಿ ಬಿದ್ದಿವೆಯೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಹೊಸ ಬಿಂಬವನ್ನು ಆ ಗುರುತುಗಳಿಗೆ ಕೂಡಿಸಿದರೆ ಮಾವ ನಿಂತ ಜಾಗದಲ್ಲಿಯೇ ನಾನೂ ನಿಂತ ಹಾಗೆ.

ಮಾರ್ಚ್ ಮೊದಲ ವಾರ ಕಾಪುವಿಗೆ ಹೋದೆ. ಬಿಸಿಲೇರಿದರೆ ಮರಳಿನ ಮೇಲೆ ಗಾಳಿ ಕುಣಿಯುತ್ತದೆ, ದೂರದ್ದೆಲ್ಲ ನೀರಿನಡಿ ಇದ್ದಂತೆ ಅಲುಗುತ್ತದೆ. ಹಾಗಾಗಿ ಆರೂವರೆಗೆಲ್ಲ ಬಂಡೆಯ ಮೇಲಿದ್ದೆ. ಸ್ಟ್ಯಾಂಡನ್ನು ಅರ್ಧ ಅಡಿ ಎಡಕ್ಕೆ, ಒಂದಂಗುಲ ಮೇಲಕ್ಕೆ ಎಂದು ಸರಿಸುತ್ತಲೇ ಮುಕ್ಕಾಲು ಗಂಟೆ ಹೋಯಿತು. ಕರಿಬಟ್ಟೆಯಿಂದ ತಲೆ ಹೊರತೆಗೆದಾಗ ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಅರವತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಮೀನಿನ ಖಾಲಿ ಬುಟ್ಟಿ.

“ಇದು ಎಂತದು ಅಮ್ಮಾ? ಸರ್ವೆಯಾ?” ಎಂದು ಕನ್ನಡದಲ್ಲಿ ಕೇಳಿದರು. ಅಧಿಕಾರಿಗಳ ಹತ್ತಿರ ಆಡುವ ಕನ್ನಡ ಅದು.

“ಸರ್ವೆ ಅಲ್ಲ ಅಕ್ಕ, ಫೋಟೋ,” ಎಂದು ನಾನು ತುಳುವಿನಲ್ಲಿ ಹೇಳಿದೆ. ಅವರು ಕನ್ನಡ ಬಿಡಲಿಲ್ಲ.

“ಮೂರು ಕಾಲಿನ ಸ್ಟ್ಯಾಂಡ್ ಹಿಡಿದುಕೊಂಡು ಬಂದವರೆಲ್ಲ ಮೊದಲು ಫೋಟೋ ಅಂತಲೇ ಹೇಳುವುದು. ಹೂಡೆಯಲ್ಲಿ ನನ್ನ ತಂಗಿಯ ಮನೆ ಹತ್ತಿರವೂ ಹಾಗೆಯೇ ಬಂದರು. ಆಮೇಲೆ ನೋಡಿದರೆ ಮನೆ ಒಡೆಯಲಿಕ್ಕೆ ಅಂತ ಗೋಡೆಯ ಮೇಲೆ ಕೆಂಪು ನಂಬರ್ ಉಂಟು.”

“ನಾನು ನಿಮ್ಮ ಮಂದಿರದ ಮೆಟ್ಟಿಲಿನ ಫೋಟೋ ತೆಗೆಯುವುದು. ತಡೆಗೋಡೆಗೆ ಅರ್ಜಿ ಹಾಕಿದ್ದೀರಲ್ಲ, ಅದಕ್ಕೆ.”

“ಮೆಟ್ಟಿಲಿನ ಫೋಟೋ ತೆಗೆಯುವವರು ಮೆಟ್ಟಿಲಿನ ಹತ್ತಿರ ನಿಲ್ಲುವುದಲ್ವಾ? ಇಷ್ಟು ದೂರ ಬಂದು ನಿಂತದ್ದು ಯಾಕೆ?”

ಅದಕ್ಕೆ ಸರಿಯಾದ ಉತ್ತರ ಹೇಳಲು ಹತ್ತು ನಿಮಿಷ ಬೇಕಿತ್ತು. ಗಾಳಿ ಏಳುವ ಮೊದಲು ನನ್ನ ಹತ್ತಿರ ಐದು ನಿಮಿಷವೂ ಇರಲಿಲ್ಲ. ನಾನು ಮತ್ತೆ ಬಟ್ಟೆಯೊಳಗೆ ತಲೆ ಹಾಕಿದೆ. ಅವರು ಬಂಡೆಯಿಂದ ಇಳಿದು ಹೋದರೂ ಕೆಳಗೆ ನಿಂತು ಕಡೆಯವರೆಗೂ ನನ್ನನ್ನೇ ನೋಡುತ್ತಿದ್ದರು.

ಸಣ್ಣ ಭೂತಗನ್ನಡಿಯನ್ನು ಮಬ್ಬು ಗಾಜಿಗೆ ಒತ್ತಿ ಫೋಕಸ್ ಮಾಡಿದೆ. ತಲೆಕೆಳಗಾದ ಮಂದಿರದ ಏಳು ಮೆಟ್ಟಿಲೂ ಬಾಚಣಿಗೆಯ ಹಲ್ಲಿನಂತೆ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಲೆನ್ಸಿನ ಬೆಳಕಿನ ಕಿಂಡಿಯನ್ನು, ಅಂದರೆ ಅಪರ್ಚರನ್ನು, ಎಂಟಕ್ಕೆ ಇಟ್ಟೆ; ಅಂಕಿ ಏರಿದಷ್ಟೂ ಕಿಂಡಿ ಕಿರಿದು. ಇನ್ನೂ ಕಿರಿದು ಮಾಡಿದರೆ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು, ಆಗ ಅಲೆಗಳು ಹೊಗೆಯಂತೆ ಹರಡಿ ನೀರಿನ ಅಂಚು ಎಲ್ಲಿ ಎಂದೇ ತಿಳಿಯುವುದಿಲ್ಲ. ಮೇಡಂಗೆ ಮೆಟ್ಟಿಲಿನಷ್ಟೇ ಆ ಅಂಚೂ ಮುಖ್ಯವಾಗಿತ್ತು. ಮುಂಬೈಯಿಂದ ತರಿಸಿದ ಈ ಅಳತೆಯ ಫಿಲ್ಮ್ ಹಾಳೆಗಳು ನನ್ನ ಹತ್ತಿರ ಹತ್ತೇ ಇದ್ದವು. ಎರಡು ಹಾಳೆ ತೆಗೆದೆ.

ಸ್ಟುಡಿಯೋಕ್ಕೆ ಬಂದು ತೊಳೆದು ಒಣಗಿಸಿ ನೋಡಿದರೆ ಮಂದಿರ ಒಂದು ಬಿಳಿ ಮುದ್ದೆ. ಮೆಟ್ಟಿಲುಗಳಿರಬೇಕಾದ ಕಡೆ ಬೂದುಬಣ್ಣದ ಇಳಿಜಾರು. ಹತ್ತಿರದ ಬಂಡೆಗಳೂ ಮಸುಕು. ಮರಳು ಮಸುಕು. ಇಡೀ ಹಾಳೆಯಲ್ಲಿ ಚೂಪಾದ ಒಂದು ಗೆರೆ ಇರಲಿಲ್ಲ.

ಗಾಳಿಗೆ ಕ್ಯಾಮೆರಾ ಅಲುಗಿರಬೇಕು ಎಂದುಕೊಂಡೆ. ಎರಡನೆಯ ಸಲ ಹೋದಾಗ ಸ್ಟ್ಯಾಂಡಿಗೆ ಕಲ್ಲು ತುಂಬಿದ ಚೀಲ ನೇತುಹಾಕಿದೆ. ಕಡಲಿನ ಮಂಜು ಕಡಿಮೆಯಾಗಲೆಂದು ಹಳದಿ ಫಿಲ್ಟರ್ ಹಾಕಿದೆ. ಎಲೆ ಅಲುಗದ ಬೆಳಗು ಅದು. ಮತ್ತೆರಡು ಹಾಳೆ. ಅದೇ ಮುದ್ದೆ. ಮೂರನೆಯ ಸಲ, ಏನಾಗುತ್ತದೋ ನೋಡೋಣ ಎಂದು ಅಪರ್ಚರನ್ನು ಮೂವತ್ತೆರಡಕ್ಕೆ ಕಿರಿದು ಮಾಡಿ ಒಂದೇ ಹಾಳೆ ತೆಗೆದೆ. ಮೆಟ್ಟಿಲು ಇವೆ ಎಂದು ಊಹಿಸುವಷ್ಟಕ್ಕೆ ಬಂತು. ಆದರೆ ಐದೋ ಆರೋ ಏಳೋ ಎಂದು ಹೇಳುವಂತಿರಲಿಲ್ಲ. ಕಡಲಂತೂ ನಾನು ಹೆದರಿದಂತೆಯೇ ಬಿಳಿ ಹೊಗೆಯಾಗಿತ್ತು.

ಕಣ್ಣಿಗೆ ಗಾಜಿನ ಮೇಲೆ ಕಂಡದ್ದು ಫಿಲ್ಮಿಗೆ ಬರುತ್ತಿರಲಿಲ್ಲ. ಇದೇ ಲೆನ್ಸಿನಲ್ಲಿ ಮಾವ ಮೂರು ಮೆಟ್ಟಿಲನ್ನು ಕೊರೆದಿಟ್ಟಂತೆ ತೆಗೆದಿದ್ದರು. ನಡುವೆ ಬದಲಾದದ್ದು ಏನು? ಲೆನ್ಸು ಕಾರ್ಕಳಕ್ಕೆ ಹೋಗಿ ಬಂದದ್ದು. ‘ಮಾರುವ ಯೋಚನೆ ಉಂಟಾ’ ಎಂಬ ಮಾತು ನೆನಪಾಯಿತು. ಪಕ್ಕದಲ್ಲಿ ನಿಲ್ಲಲು ಬಿಡದೇ ಇದ್ದದ್ದು, ವಾರ ಎಂದು ಹೇಳಿ ಹತ್ತು ದಿನ ಇಟ್ಟುಕೊಂಡದ್ದು, ಅವರ ಕಪಾಟಿನಲ್ಲಿ ಇಂಥವೇ ಐದಾರು ಹಿತ್ತಾಳೆ ಲೆನ್ಸುಗಳಿದ್ದದ್ದು. ಒಂದೊಂದೂ ಹೋಗಿ ಇನ್ನೊಂದರ ಪಕ್ಕದಲ್ಲಿ ಕೂತುಕೊಂಡಿತು.

ಅಂದು ಸಂಜೆ ಮೇಡಂ ಫೋನ್ ಮಾಡಿದರು. ಐದು ಹಾಳೆ ಹಾಳಾಗಿವೆ ಎಂದೆ. “ತಪ್ಪು ತಿಳ್ಕೊಳ್ಬೇಡಿ,” ಎಂದರು ಅವರು. “ಆ ಹಳೆಯ ಗಾಜು ಕಾಪುವಿನದ್ದೇ ಅಲ್ವಾ? ಲಕೋಟೆ ಬದಲಾಗಿರುವ ಸಾಧ್ಯತೆ ಉಂಟಾ? ಅದೇ ಲೆನ್ಸಿನಲ್ಲಿ ಅಷ್ಟು ಚೆನ್ನಾಗಿ ಬಂದದ್ದು ಈಗ ಬರುವುದಿಲ್ಲ ಅಂದರೆ ಕಚೇರಿಯವರಲ್ಲ, ನಾನೇ ಕೇಳಬೇಕಾಗ್ತದೆ.”

ನನಗೆ ಮೈ ಉರಿಯಿತು. ಮಾವ ಸುಳ್ಳು ಬರೆದಿಟ್ಟವರಲ್ಲ.

“ಲೆನ್ಸೇ ಅದಲ್ಲ ಮೇಡಂ. ಕಾರ್ಕಳದಲ್ಲಿ ರಿಪೇರಿಯವರು ಒಳಗಿನ ಗಾಜು ಬದಲಾಯಿಸಿದ್ದಾರೆ.”

ಅಲ್ಲಿಯವರೆಗೆ ಅದು ನನ್ನ ಮನಸ್ಸಿನಲ್ಲಿ ಸುತ್ತುತ್ತಿದ್ದ ಒಂದು ಅನುಮಾನ ಮಾತ್ರವಾಗಿತ್ತು. ಬಾಯಿಂದ ಬಿದ್ದ ಕೂಡಲೇ ಸಂಗತಿಯಾಗಿಬಿಟ್ಟಿತು.

“ಅಯ್ಯೋ, ಹೌದಾ? ನಮ್ಮ ವಿಭಾಗದ ಎರಡು ಸರ್ವೆ ದುರ್ಬೀನು ಅವರ ಹತ್ತಿರವೇ ಉಂಟಲ್ಲ,” ಎಂದರು ಮೇಡಂ.

ಫೋನ್ ಇಟ್ಟ ಮೇಲೆ, ಹೇಳಿದ್ದಕ್ಕೆ ಆಧಾರ ಹುಡುಕುವವಳ ಹಾಗೆ ಲೆನ್ಸಿನ ಮುಂಭಾಗವನ್ನು ಉಂಗುರಸಮೇತ ತಿರುಗಿಸಿ ಬಿಚ್ಚಿದೆ. ಗಾಜಿನ ದಪ್ಪ ಅಂಚಿನ ಮೇಲೆ ಪೆನ್ಸಿಲಿನಲ್ಲಿ ಒಂದು ಸಣ್ಣ ಬಾಣದ ಗುರುತು ಇತ್ತು. ಹೊಸ ಗುರುತು. ಬೆರಳಿಗೆ ಸೀಸ ಹತ್ತಿತು. ನನಗೆ ಅಷ್ಟು ಸಾಕಾಯಿತು.

ಮರುದಿನ ಕಾರ್ಕಳಕ್ಕೆ ಹೋದೆ. ಕ್ಯಾಮೆರಾವನ್ನು ಬೇಕೆಂದೇ ಉಡುಪಿಯಲ್ಲಿ ಬಿಟ್ಟು ಲೆನ್ಸು ಮಾತ್ರ ಒಯ್ದೆ. ಅವರು ಯಾವುದೋ ಸೂಕ್ಷ್ಮದರ್ಶಕದ ತಿರುಪು ಒರೆಸುತ್ತಿದ್ದರು. ನಾನು ಕೂತುಕೊಳ್ಳಲಿಲ್ಲ.

“ಅಂಕಲ್, ಇದರೊಳಗಿನ ಗಾಜು ಮಾವನದ್ದಲ್ಲ.”

ಅವರು ತಿರುಪನ್ನು ಬಟ್ಟೆಯ ಮೇಲೆ ಇಟ್ಟರು. “ಯಾರು ಹೇಳಿದರು?”

“ಐದು ನೆಗೆಟಿವ್ ಹೇಳಿದವು. ದೂರದ್ದು ಒಂದೂ ನಿಲ್ಲುವುದಿಲ್ಲ. ಒಳಗೆ ಬಾಣದ ಗುರುತು ಬೇರೆ ಉಂಟು.”

“ಬಾಣ ನಾನೇ ಹಾಕಿದ್ದು. ಬಿಚ್ಚಿದ ಗಾಜನ್ನು ವಾಪಸ್ ಕೂರಿಸುವಾಗ ಯಾವ ಮುಖ ಯಾವ ಕಡೆ ಅಂತ ತಿಳಿಯಬೇಕಲ್ಲ. ಎಲ್ಲರೂ ಹಾಕುವುದೇ.” ಆಮೇಲೆ ಸ್ವಲ್ಪ ಯೋಚಿಸಿ, “ದೂರದ್ದು ನಿಲ್ಲುವುದಿಲ್ಲ ಅಂತೀಯಲ್ಲ, ಹತ್ತಿರದ್ದು ಹೇಗೆ ಬರ್ತದೆ?” ಎಂದು ಕೇಳಿದರು.

“ಹತ್ತಿರದ್ದು ನಾನು ತೆಗೆಯಲಿಲ್ಲ. ನನ್ನ ಕೆಲಸ ದೂರದ್ದು.”

“ಕ್ಯಾಮೆರಾ ತಂದಿದ್ದೀಯಾ?”

“ಇಲ್ಲ.”

“ಹಾಗಾದರೆ ಲೆನ್ಸು ಇಟ್ಟು ಹೋಗು. ನಾಳೆಗೆ ನೋಡಿ ಹೇಳ್ತೇನೆ.”

“ಇಟ್ಟು ಹೋಗುವುದಿಲ್ಲ.”

ಅವರು ನನ್ನ ಮುಖ ನೋಡಿದರು. ಎದ್ದು ಕಿಟಕಿಗಳನ್ನೆಲ್ಲ ಮುಚ್ಚಿ, ಒಂದರ ಬಾಗಿಲನ್ನು ಮಾತ್ರ ಅಂಗೈಯಷ್ಟು ತೆರೆದು, ಆ ಸಂದಿನಲ್ಲಿ ಲೆನ್ಸನ್ನು ಹಿಡಿಕೆಗೆ ಸಿಕ್ಕಿಸಿದರು. ಅದರ ಹಿಂದೆ ಒಂದಡಿ ದೂರದಲ್ಲಿ ಬಿಳಿಕಾಗದ ಹಿಡಿದರು. ಕಾಗದದ ಮೇಲೆ ಎದುರಿನ ಕಲ್ಲುಗುಡ್ಡ ತಲೆಕೆಳಗಾಗಿ ಮೂಡಿತು. ಗುಡ್ಡದ ತುದಿಯಲ್ಲಿ ಬೆರಳುಗುರಿನ ಅರ್ಧದಷ್ಟು ದೊಡ್ಡ ಗೊಮ್ಮಟ, ತಲೆ ಕೆಳಗೆ, ಭುಜಗಳೂ ಗುರುತು ಸಿಗುವ ಹಾಗೆ. ಅವರು ಉಕ್ಕಿನ ಸ್ಕೇಲು ಹಿಡಿದು ಲೆನ್ಸಿಗೂ ಕಾಗದಕ್ಕೂ ನಡುವಿನ ಅಂತರ ಅಳೆದರು. ಲೆನ್ಸಿನ ಮೇಲೆ ಕೆತ್ತಿದ ಅಳತೆಗೆ ಅದು ಸರಿಹೊಂದುತ್ತಿತ್ತು.

“ಗಾಜು ಬದಲಾದರೆ ಈ ಲೆಕ್ಕ ಕೂಡುವುದಿಲ್ಲ. ನೋಡಿದಿರಲ್ಲ?”

‘ನೋಡಿದಿರಲ್ಲ’ ಎಂದರು. ನನಗೆ ಕೇಳಿಸಿತು, ಆದರೂ ನಿಲ್ಲಲಿಲ್ಲ.

“ಕಾಗದದ ಮೇಲೆ ಯಾವ ಲೆನ್ಸು ಬೇಕಾದರೂ ಚೆಂದ ಕಾಣ್ತದೆ ಅಂಕಲ್. ಮಾವ ನಿಮ್ಮನ್ನು ನಂಬಿದ್ದರು.”

ಅವರು ಲೆನ್ಸನ್ನು ಹಿಡಿಕೆಯಿಂದ ಬಿಡಿಸಿ, ಅದರ ಮುಚ್ಚಳ ಹಾಕಿ, ಎರಡೂ ಕೈಯಲ್ಲಿ ನನಗೆ ಕೊಟ್ಟರು.

ಬಸ್ಸಿನಲ್ಲಿ ಕೂತಾಗ ನನಗೆ ಗೆದ್ದ ಹಾಗೆ ಅನಿಸಲಿಲ್ಲ. ಅವರ ಒಂದು ಪ್ರಶ್ನೆ ಕಿವಿಯೊಳಗೆ ಉಳಿದಿತ್ತು. ಹತ್ತಿರದ್ದು ಹೇಗೆ ಬರುತ್ತದೆ? ಮಾತು ತಿರುಗಿಸಲು ಕೇಳಿದ್ದು ಎಂದುಕೊಂಡಿದ್ದೆ. ಮೋಸ ಮಾಡಿದವನಿಗೆ ಆ ಪ್ರಶ್ನೆಯಿಂದ ಆಗುವ ಪ್ರಯೋಜನವಾದರೂ ಏನು ಎಂದು ಯೋಚಿಸಿದರೆ ಏನೂ ಹೊಳೆಯಲಿಲ್ಲ.

ಎರಡು ದಿನ ಕಳೆಯಿತು. ಸಭೆಗೆ ಎಂಟು ದಿನ ಉಳಿದಿತ್ತು, ಫಿಲ್ಮ್ ಐದು ಹಾಳೆ. ಐದನ್ನೂ ಕಾಪುವಿಗೇ ಎಂದು ಎತ್ತಿಟ್ಟಿದ್ದೆ. ಮೂರನೆಯ ದಿನ ಬೆಳಿಗ್ಗೆ ಒಂದು ತೀರ್ಮಾನಕ್ಕೆ ಬಂದೆ. ಎರಡು ಹಾಳೆ ಹೋದರೆ ಹೋಗಲಿ. ಲೆನ್ಸಿನ ಮೇಲಿನ ಸಂಶಯವನ್ನು ಲೆನ್ಸಿನಿಂದಲೇ ಕೇಳಿ ತೀರಿಸಿಕೊಳ್ಳುತ್ತೇನೆ, ಇನ್ನು ಯಾರ ಮೇಲೂ ಬಾಯಿ ಬಿಡುವುದಿಲ್ಲ.

ಸ್ಟುಡಿಯೋದ ಉದ್ದ ಮೇಜಿನ ಮೇಲೆ ದರ್ಜಿಯ ಟೇಪನ್ನು ಉದ್ದಕ್ಕೆ ಹಾಸಿ ಅಂಟಿಸಿದೆ. ಅಂಕಿಗಳು ಕ್ಯಾಮೆರಾದಿಂದ ದೂರಕ್ಕೆ ಏರುತ್ತ ಹೋಗುವ ಹಾಗೆ. ಕ್ಯಾಮೆರಾವನ್ನು ತುಸು ಎತ್ತರದಲ್ಲಿಟ್ಟು, ಎರಡು ಮೀಟರ್ ದೂರದಲ್ಲಿ ಬೀಳುವ ಐವತ್ತರ ಅಂಕಿಯ ಮೇಲೆ ಫೋಕಸ್ ಮಾಡಿದೆ. ಅಪರ್ಚರ್ ಎಂಟು. ಒಂದು ಹಾಳೆ.

ನೆಗೆಟಿವ್ ತೊಳೆದು, ಇನ್ನೂ ಒದ್ದೆ ಇರುವಾಗಲೇ ಕಿಟಕಿಯ ಬೆಳಕಿಗೆ ಹಿಡಿದೆ. ಐವತ್ತು ಮಸುಕಾಗಿತ್ತು. ಐವತ್ತನಾಲ್ಕು ಸೂಜಿಯಲ್ಲಿ ಬರೆದ ಹಾಗೆ ಚೂಪಾಗಿತ್ತು.

ಲೆನ್ಸು ಚೂಪಾಗಿಯೇ ಚಿತ್ರಿಸುತ್ತಿತ್ತು. ನಾನು ತೋರಿಸಿದ ಕಡೆಯಲ್ಲಿ ಅಲ್ಲ, ಅದಕ್ಕಿಂತ ನಾಲ್ಕು ಸೆಂಟಿಮೀಟರ್ ಹಿಂದೆ. ಹತ್ತಿರದ ವಸ್ತುವಾದರೆ ಅದರ ಹಿಂದೆ ಇನ್ನೇನಾದರೂ ಇರುತ್ತದೆ, ಅದು ಚೂಪಾಗಿ ಬಂದು ತಪ್ಪು ಎಲ್ಲಿ ಎಂದು ತೋರಿಸಿಕೊಡುತ್ತದೆ. ಬಲುದೂರದ ವಸ್ತುವಿನ ವಿಷಯ ಹಾಗಲ್ಲ. ಲೆನ್ಸಿನ ಮಟ್ಟಿಗೆ ನಾನೂರು ಮೀಟರ್ ಎಂದರೆ ಹೆಚ್ಚುಕಡಿಮೆ ಪ್ರಪಂಚದ ಕೊನೆ. ಅದರ ಹಿಂದಕ್ಕೆ ಫೋಕಸ್ ಹೋದರೆ ಅಲ್ಲಿ ಚೂಪಾಗಲು ಏನೂ ಇಲ್ಲ. ಹಾಗಾಗಿ ಕಾಪುವಿನ ಹಾಳೆಗಳಲ್ಲಿ ಬಂಡೆಯಿಂದ ಮಂದಿರದವರೆಗೆ ಎಲ್ಲವೂ ಒಟ್ಟಿಗೆ ಮಸುಕಾಗಿತ್ತು.

ಅಂದರೆ ಮಬ್ಬು ಗಾಜಿನ ಜಾಗವೂ ಫಿಲ್ಮಿನ ಜಾಗವೂ ಒಂದೇ ಅಲ್ಲ. ವರ್ನಿಯರ್ ಕ್ಯಾಲಿಪರಿನ ಬಾಲವನ್ನು, ಅಂದರೆ ಆಳ ಅಳೆಯುವ ಸಣ್ಣ ಕಡ್ಡಿಯನ್ನು, ಇಳಿಸಿ ಅಳೆದೆ. ಹೋಲ್ಡರಿನಲ್ಲಿ ಫಿಲ್ಮಿನ ಆಳ, ಕ್ಯಾಮೆರಾದ ಹಿಂಬದಿಯಲ್ಲಿ ಗಾಜಿನ ಆಳ ಎರಡೂ ಒಂದೇ ಬಂತು. ಮತ್ತೆ ಅಳೆದೆ. ಒಂದೇ. ಆಗ ಕ್ಯಾಲಿಪರಿನ ಬಾಲ ತಾಗುತ್ತಿದ್ದ ಮುಖವನ್ನು ಬೆರಳಿನಿಂದ ಮುಟ್ಟಿದೆ. ಅದು ನುಣ್ಣಗಿತ್ತು.

ಬಿಂಬ ಬೀಳುವುದು ಉಜ್ಜಿದ ಮುಖದ ಮೇಲೆ. ಆ ಮುಖ ಲೆನ್ಸಿನ ಕಡೆಗೆ, ಫಿಲ್ಮ್ ಬರುವ ಜಾಗದಲ್ಲಿಯೇ ಇರಬೇಕು. ನಾನು ಅದನ್ನು ಹೊರಕ್ಕೆ, ನನ್ನ ಕಡೆಗೆ ತಿರುಗಿಸಿ ಕೂರಿಸಿದ್ದೆ. ಮರೆತಲ್ಲ. ಪೆನ್ಸಿಲ್ ಗೆರೆ ಉಜ್ಜಿದ ಮುಖಕ್ಕೆ ಮಾತ್ರ ಹಿಡಿಯುತ್ತದೆ, ಬಂಡೆಯ ಮೇಲೆ ನಿಂತು ಗುರುತುಗಳನ್ನು ತಿದ್ದಲು ಅದು ನನ್ನ ಕೈಗೆ ಸಿಗಬೇಕಿತ್ತು. ಎರಡು ಮಿಲಿಮೀಟರ್ ಗಾಜು ಏನು ಮಹಾ ಎಂದುಕೊಂಡಿದ್ದೆ. ಗುರುತು ಹಾಕಿಯಾದ ಮೇಲೆ ಗಾಜನ್ನು ತಿರುಗಿಸಿ ಕೂರಿಸಬಹುದಿತ್ತು ಎಂಬುದು ಆಗ ಹೊಳೆಯಲೇ ಇಲ್ಲ.

ಗಾಜನ್ನು ಬಿಚ್ಚಿದೆ. ಗುರುತುಗಳನ್ನು ಅಳಿಸಿ, ತಿರುಗಿಸಿದರೆ ಎಡಬಲ ಅದಲುಬದಲಾಗುವುದನ್ನು ಲೆಕ್ಕಹಾಕಿ ಹೊಸದಾಗಿ ಹಾಕಿ, ಉಜ್ಜಿದ ಮುಖ ಒಳಗೆ ಬರುವಂತೆ ಕೂರಿಸಿದೆ. ಎರಡನೆಯ ಹಾಳೆ. ಈ ಸಲ ಐವತ್ತಕ್ಕೆ ಐವತ್ತೇ ಬಂತು.

ಆ ಕ್ಷಣದಲ್ಲಿಯೇ ಕಾರ್ಕಳಕ್ಕೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಮೊದಲು ಕಾಪುವಿನ ಕೆಲಸ ಮುಗಿಯಲಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿಕೆಯಾಗಿತ್ತು.

ನಾಲ್ಕನೆಯ ಸಲ ಬಂಡೆ ಹತ್ತಿದಾಗ ಬುಟ್ಟಿಯ ಅಕ್ಕ ನನಗಿಂತ ಮೊದಲೇ ಅಲ್ಲಿದ್ದರು. ಜೊತೆಗೆ ಇನ್ನಿಬ್ಬರು ಹೆಂಗಸರು.

“ಒಂದು ಫೋಟೋಕ್ಕೆ ನಾಲ್ಕು ಸಲ ಯಾರು ಬರ್ತಾರೆ? ಸತ್ಯ ಹೇಳಿ, ನೀವು ಯಾರ ಕಡೆಯವರು?”

“ಮೂರು ಸಲವೂ ಹಾಳಾಯಿತು ಅಕ್ಕ. ತಪ್ಪು ನನ್ನದೇ. ಬನ್ನಿ, ನೀವೇ ನೋಡಿ,” ಎಂದು ಕರಿಬಟ್ಟೆ ಎತ್ತಿ ಹಿಡಿದೆ.

ಅವರು ಅನುಮಾನದಿಂದಲೇ ತಲೆ ಒಳಗೆ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಬಟ್ಟೆಯೊಳಗಿಂದ ಮಾತು ಬಂತು, ಈ ಸಲ ತುಳುವಿನಲ್ಲಿ. “ನಮ್ಮ ಮಂದಿರ ತಲೆ ಕೆಳಗೆ ಮಾಡಿ ನಿಂತಿದೆಯಲ್ಲ!” ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟು ಎಲ್ಲಿ ಇಡಬೇಕೆಂದು ತೋರಿಸಿದೆ. ಅವರು ಗಟ್ಟಿಯಾಗಿ ಎಣಿಸತೊಡಗಿದರು. ಏಳಕ್ಕೆ ನಿಂತರು. “ನಾನು ಮದುವೆಯಾಗಿ ಬಂದಾಗ ನಾಲ್ಕು ಇತ್ತು. ನಾಲ್ಕನೆಯದರ ಮೇಲೆ ಕೂತು ಮೀನು ಆರಿಸುತ್ತಿದ್ದೆವು. ಈಗ ಏಳನೆಯದರಿಂದ ಮರಳಿಗೆ ಹಾರಬೇಕು.”

ಹೆಂಗಸರು ಗಾಳಿಗೆ ಅಡ್ಡವಾಗಿ ಸೀರೆಯ ಸೆರಗು ಬಿಚ್ಚಿಹಿಡಿದು ನಿಂತರು. ಉಳಿದ ಮೂರು ಹಾಳೆಯನ್ನೂ ತೆಗೆದೆ. ಮೂರರಲ್ಲಿಯೂ ಏಳು ಮೆಟ್ಟಿಲು ಬಂತು. ಹಳೆಯ ಗಾಜಿನ ಮೇಲೆ ಹೊಸ ನೆಗೆಟಿವ್ ಇಟ್ಟಾಗ ಬಂಡೆಗಳು ಒಂದಕ್ಕೊಂದು ಕೂಡಿಕೊಂಡವು.

ಸಭೆಯಲ್ಲಿ ಕಚೇರಿಯ ಇಂಜಿನಿಯರರು ಎರಡೂ ಪ್ರಿಂಟುಗಳನ್ನು ನೋಡಿ ಮೊದಲು ಕೇಳಿದ್ದು, “ಕಂಪ್ಯೂಟರಿನಲ್ಲಿ ಎಂತಾದರೂ ಮಾಡಿದ್ದೀರಾ?” ಎಂದು. ನಾನು ಗಾಜನ್ನೂ ನೆಗೆಟಿವನ್ನೂ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ಅವರು ಎದ್ದು ಬಂದು, ಭೂತಗನ್ನಡಿ ಕೇಳಿ ಪಡೆದು, ಎರಡು ಸಲ ಎಣಿಸಿದರು. ಮಂದಿರದ ದಡವನ್ನು ಸ್ಥಳ ಪರಿಶೀಲನೆಯ ಪಟ್ಟಿಗೆ ಸೇರಿಸಿದರು. ಮೇಡಂ ನನ್ನ ಕೈ ಹಿಡಿದು ಕುಲುಕಿದರು. ಹೊರಗೆ ಕಾಯುತ್ತಿದ್ದ ಬುಟ್ಟಿಯ ಅಕ್ಕನಿಗೆ ಅಂಥ ಸಂತೋಷವೇನೂ ಕಾಣಲಿಲ್ಲ. “ಪಟ್ಟಿ ನಾವು ಬೇಕಾದಷ್ಟು ನೋಡಿದ್ದೇವೆ. ತಡೆಗೋಡೆಯ ಕಲ್ಲು ಲಾರಿಯಿಂದ ಇಳಿದ ದಿನ ಹೇಳಿ,” ಎಂದರು.

ಮರುದಿನ ಕಾರ್ಕಳಕ್ಕೆ ಹೋದೆ. ಲೆನ್ಸು, ಪ್ರಿಂಟು ಎರಡೂ ಚೀಲದಲ್ಲಿದ್ದವು. ಗಾಜು ತಿರುಗಿಸಿ ಕೂರಿಸಿದ್ದನ್ನು ಒಂದೂ ಬಿಡದೆ ಹೇಳಿ, “ತಪ್ಪಾಯಿತು ಅಂಕಲ್,” ಎಂದೆ.

“ನೀವು ಸಂಶಯ ಪಟ್ಟದ್ದು ತಪ್ಪಲ್ಲ,” ಎಂದರು ಅವರು. “ಲೆನ್ಸು ಕೈ ಬದಲಾಯಿಸಿದರೆ ಯಾರಿಗಾದರೂ ಬರ್ತದೆ. ಆದರೆ ನೀವು ಇಲ್ಲಿಗೆ ಬರುವ ಮೊದಲೇ ಮಣಿಪಾಲಕ್ಕೆ ಹೇಳಿದಿರಿ. ನೀವು ಬಂದು ಹೋದ ಮರುದಿನ ಕಾಲೇಜಿನವರು ಎರಡು ದುರ್ಬೀನನ್ನೂ ವಾಪಸ್ ತೆಗೆದುಕೊಂಡು ಹೋದರು. ಒಂದು ಬಿಚ್ಚಿದ ಹಾಗೆಯೇ ಇತ್ತು. ಡಬ್ಬಿಯಲ್ಲಿ ತುಂಬಿಸಿಕೊಂಡು ಹೋದರು. ಕಾರಣ ಹೇಳಲಿಲ್ಲ. ನಾನೇ ಕೇಳಿ ತಿಳಿದುಕೊಂಡೆ.”

ನನಗೆ ಅದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಹೇಳಲೂ ನಾಚಿಕೆಯಾಯಿತು. ಅಲ್ಲಿಯೇ ನಿಂತು ಮೇಡಂಗೆ ಫೋನ್ ಮಾಡಿದೆ, ಅಂಕಲ್‌ಗೂ ಕೇಳಿಸುವಂತೆ ಸ್ಪೀಕರ್ ಹಾಕಿ. ಕಾರ್ಕಳದವರು ಯಾವ ಗಾಜನ್ನೂ ಬದಲಾಯಿಸಿಲ್ಲ, ತಪ್ಪು ನನ್ನ ಕ್ಯಾಮೆರಾದಲ್ಲಿತ್ತು, ಪರೀಕ್ಷಿಸದೆ ಅವರ ಹೆಸರು ಹೇಳಿಬಿಟ್ಟೆ ಎಂದೆ. ದುರ್ಬೀನುಗಳನ್ನು ನಾಳೆಯೇ ಕಳಿಸುತ್ತೇನೆ, ಅಲ್ಲ, ನಾನೇ ತಂದುಕೊಡುತ್ತೇನೆ ಎಂದರು ಮೇಡಂ. ಫೋನ್ ಇಟ್ಟ ಮೇಲೆ ಅಂಕಲ್ ಕೈ ಚಾಚಿ, “ಫೋಟೋ ತೋರಿಸಿ,” ಎಂದರು.

ಪ್ರಿಂಟನ್ನು ಮೇಜಿನ ದೀಪದ ಕೆಳಗೆ ಇಟ್ಟು, ಗಡಿಯಾರ ರಿಪೇರಿಯವರ ಹಾಗೆ ಕಣ್ಣಿಗೆ ಲೂಪ್ ಸಿಕ್ಕಿಸಿ, ಬಲತುದಿಯಿಂದ ಶುರುಮಾಡಿ ಅಂಗುಲ ಅಂಗುಲವಾಗಿ ನೋಡಿದರು. ಮೆಟ್ಟಿಲುಗಳ ಹತ್ತಿರ ನಿಲ್ಲಲಿಲ್ಲ. ಎಡ ಮೂಲೆಗೆ ಬಂದಾಗ ನಿಂತರು. ಪ್ರಿಂಟನ್ನು ತಿರುಗಿಸಿ ಮತ್ತೆ ನೋಡಿದರು.

“ಈ ಮೂಲೆ ತುಸು ಮೆತ್ತಗೆ ಉಂಟು. ನಿಮ್ಮ ಮಾವನ ಗಾಜಿನಲ್ಲಿ ಹೀಗೆ ಉಂಟಾ?”

ಇಲ್ಲ ಎಂದೆ. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಇಂಜಿನಿಯರರೂ ಗಮನಿಸಿರಲಿಲ್ಲ.

“ಇದು ನಿಮ್ಮ ಮಬ್ಬು ಗಾಜಿನದ್ದಲ್ಲ. ಮುಂದಿನ ಗಾಜು ಉಂಗುರದಲ್ಲಿ ಕೂದಲಷ್ಟು ಓರೆ ಕೂತಿದೆ. ಇದು ನನ್ನ ತಪ್ಪು.”

ಲೂಪನ್ನು ಕಣ್ಣಿನಿಂದ ತೆಗೆದು ಮೇಜಿನ ಮೇಲಿಟ್ಟರು. ನಾನು ಲೆನ್ಸನ್ನು ಚೀಲದಿಂದ ಹೊರತೆಗೆದೆ. ಅವರು ಅದನ್ನು ಮುಟ್ಟಲಿಲ್ಲ.

“ಹತ್ತು ನಿಮಿಷದ ಕೆಲಸ,” ಎಂದರು. “ಆದರೆ ಇವತ್ತು ಬೇಡ. ಇವತ್ತು ಇದನ್ನು ಬಿಚ್ಚಲಿಕ್ಕೆ ಮನಸ್ಸು ಬರುವುದಿಲ್ಲ. ಮುಂದಿನ ವಾರ ಬನ್ನಿ.”